ಮುತ್ಯಾ ಯಾರ ಕಡೆ?

ಭಾಲ್ಕಿಯ ಯಾವ ಮನೆಗಾದರೂ ಹೊತ್ತು ಮುಳುಗುವಾಗ ಹೋಗಿ ನೋಡಿ, ರಿಮೋಟು ಮಕ್ಕಳ ಕೈಯಲ್ಲಿರುತ್ತದೆ. ಛೋಟಾ ಭೀಮ್ ಲಡ್ಡು ತಿಂದು ಯಾರನ್ನೋ ಎತ್ತಿ ಒಗೆಯುತ್ತಿರುತ್ತಾನೆ. ಗೋಡೆಗೆ ಬೆನ್ನು ಕೊಟ್ಟು ಕೂತ ಆಯಿ ತೊಗರಿ ಹಸನು ಮಾಡುತ್ತಿರುತ್ತಾಳೆ, ಅಪ್ಪ ಮೊಬೈಲು ತಿಕ್ಕುತ್ತಿರುತ್ತಾನೆ. ಇಬ್ಬರೂ ಟಿವಿಯ ಎದುರಿಗೇ ಇದ್ದಾರೆ, ಇಬ್ಬರೂ ನೋಡುತ್ತಿಲ್ಲ. ಅವರ ಲೆಕ್ಕದಲ್ಲಿ ಕಾರ್ಟೂನ್ ಎಂದರೆ ಹುಡುಗ ತಕರಾರು ಮಾಡದೆ ನಾಲ್ಕು ತುತ್ತು ಉಣ್ಣಲಿ ಎಂದು ಹಚ್ಚಿಡುವ ವಸ್ತು.

ಅದೇ ಮನೆಯಲ್ಲಿ ‘ದಿ ಲೆಜೆಂಡ್ ಆಫ್ ಹನುಮಾನ್’ ಹಚ್ಚಿದರೆ ಕಟ್ಟೆಯ ಮೇಲಿದ್ದ ಮುತ್ಯಾ ಒಳಗೆ ಬರುತ್ತಾನೆ. ಮೊದಲು ಬಾಗಿಲಲ್ಲಿ ನಿಂತು ನೋಡುತ್ತಾನೆ. ಆಮೇಲೆ ಕುರ್ಚಿ ಎಳೆದುಕೊಳ್ಳುತ್ತಾನೆ. “ಆವಾಜ್ ಜರಾ ಹೆಚ್ಚ ಮಾಡಪ್ಪ” ಅನ್ನುತ್ತಾನೆ. “ಯಾಕ್ ಮುತ್ಯಾ, ನೀ ಬಿ ಕಾರ್ಟೂನ್ ನೋಡ್ಲತಿ?” ಎಂದು ಮೊಮ್ಮಗ ನಕ್ಕರೆ, “ಇದು ಕಾರ್ಟೂನ್ ಅಲ್ಲೋ, ರಾಮಾಯಣ ಐತಿ” ಎಂದು ಗದರಿಸುತ್ತಾನೆ.

ಮೈಯೆಲ್ಲ ಸ್ನಾಯು ಉಬ್ಬಿಸಿಕೊಂಡು ಹಾರುವ, ಬೆಟ್ಟ ಎತ್ತುವ ನಾಯಕರ ಚಿತ್ರಸರಣಿ ದೊಡ್ಡವರಿಗೂ ಹಿಡಿಸುತ್ತದೆಯೇ ಎಂದು ಕೇಳಿದರೆ ನಮ್ಮಲ್ಲಿ ತಯಾರಾದ ಉತ್ತರ ಒಂದಿದೆ. ದೇವರ ಕಥೆ ಇದ್ದರೆ ಹಿಡಿಸುತ್ತದೆ, ಇಲ್ಲದಿದ್ದರೆ ಇಲ್ಲ. ಮುತ್ಯಾನೂ ಹೇಳಿದ್ದು ಅದನ್ನೇ. ನನಗೆ ಈ ಉತ್ತರ ಪೂರ್ತಿ ಒಪ್ಪಿಗೆಯಿಲ್ಲ. 2005ರಲ್ಲಿ ‘ಹನುಮಾನ್’ ಎಂಬ ಅನಿಮೇಷನ್ ಚಿತ್ರ ಬಂದು ಓಡಿದ ಮೇಲೆ ಬಾಲ ಗಣೇಶ್, ಲಿಟಲ್ ಕೃಷ್ಣ ಎಂದು ದೇವರ ಕಾರ್ಟೂನುಗಳು ಸಾಲುಗಟ್ಟಿ ಬಂದವು. ಕೆನ್ನೆ ಉಬ್ಬಿದ, ಕಣ್ಣು ದೊಡ್ಡದಾದ, ಮುದ್ದುಮುದ್ದಾದ ದೇವರುಗಳು. ಮಕ್ಕಳು ನೋಡಿದರು. ದೊಡ್ಡವರು ಕೈ ಮುಗಿದು ಅಡಿಗೆ ಮನೆಗೆ ಹೋದರು. ದೇವರು ಬಂದದ್ದಕ್ಕೇ ಮುತ್ಯಾ ಕೂಡುವುದಾಗಿದ್ದರೆ ಬಾಲ ಗಣೇಶನ ಮುಂದೆಯೂ ಕೂಡಬೇಕಿತ್ತು.

ಹಾಗಾದರೆ ಇಲ್ಲಿ ಯಾಕೆ ಕೂತ? ಅವನ ಪ್ರಶ್ನೆಗಳನ್ನು ಕೇಳಿಸಿಕೊಂಡರೆ ಗೊತ್ತಾಗುತ್ತದೆ. ಮೊಮ್ಮಗ ಕೇಳುವುದು “ಹನುಮಾನ್ ಯಾವಾಗ ಬರ್ತಾನ?” ಮುತ್ಯಾ ಕೇಳುವುದು “ರಾವಣ ಏನಂದ?”

ಈ ಸರಣಿ 2021ರ ಜನವರಿಯಲ್ಲಿ ಶುರುವಾಯಿತು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು. ಶರದ್ ದೇವರಾಜನ್, ಜೀವನ್ ಕಾಂಗ್, ಚಾರುವಿ ಅಗ್ರವಾಲ್ ಇದನ್ನು ರೂಪಿಸಿದವರು. ಹಿಂದಿ ಅವತರಣಿಕೆಯಲ್ಲಿ ಕಥೆ ಹೇಳುವ ದನಿ ನಟ ಶರದ್ ಕೇಳ್ಕರ್ ಅವರದು, ರಾವಣನ ದನಿಯೂ ಅವರದೇ. ರಾಮಾಯಣವನ್ನು ರಾವಣನ ಕಂಠದಲ್ಲಿ ಕೇಳಿಸುವ ಈ ಏರ್ಪಾಟಿನಲ್ಲೇ ದೊಡ್ಡವರಿಗೆ ಬೇಕಾದದ್ದು ಬಂದುಬಿಟ್ಟಿದೆ. ಹನುಮಂತ ಗೆಲ್ಲುತ್ತಾನೆ ಎಂಬುದು ಎಪ್ಪತ್ತು ವರ್ಷದವನಿಗೆ ಸುದ್ದಿಯೇ ಅಲ್ಲ. ಇಷ್ಟು ಓದಿದವ, ಇಷ್ಟು ತಪಸ್ಸು ಮಾಡಿದವ, ಇಷ್ಟು ಚಂದ ಮಾತಾಡುವವ ಯಾಕೆ ಕೆಟ್ಟ ಎಂಬುದು ಮಾತ್ರ ಎಪ್ಪತ್ತಕ್ಕೂ ಬಗೆಹರಿದಿರುವುದಿಲ್ಲ. ಮಕ್ಕಳನ್ನು ಕರೆತರುವವನು ನಾಯಕ, ದೊಡ್ಡವರನ್ನು ಹಿಡಿದು ಕೂಡಿಸುವವನು ರಾಕ್ಷಸ. ಸೂಪರ್‌ಹೀರೋ ಕಥೆಗಳ ವಿಷಯದಲ್ಲಿ ನನ್ನ ವಾದ ಇಷ್ಟೇ, ಇದಕ್ಕೆ ಸಾಕ್ಷಿ ಬೀದರಿನಲ್ಲೇ ಇದೆ.

ಮಂಗಲಪೇಟೆಯ ಆಚೆ ಝರಣಿ ನರಸಿಂಹನ ಗವಿ. ಹೊರಗಿನಿಂದ ಹೋದವರಿಗೆ ಗುಡಿಯೆಂದು ನಂಬುವುದೇ ಕಷ್ಟ, ಗುಡ್ಡದೊಳಕ್ಕೆ ಕೊರೆದ ಸುರಂಗ ಅದು. ಅಂಗಿ ಕಳಚಿ, ಪಂಚೆಯನ್ನೋ ಚಡ್ಡಿಯನ್ನೋ ಬಿಗಿಮಾಡಿಕೊಂಡು ನೀರಿಗಿಳಿದರೆ ಮೊಣಕಾಲು, ಸೊಂಟ, ಎದೆ ಎಂದು ನೀರು ಏರುತ್ತ ಹೋಗುತ್ತದೆ. ಸುಮಾರು 300 ಮೀಟರ್ ಹೀಗೆ ನೀರಲ್ಲೇ ನಡೆಯಬೇಕು. ಮೇಲೆ ಬಾವಲಿಗಳು ತಲೆಕೆಳಗಾಗಿ ಜೋತುಬಿದ್ದಿರುತ್ತವೆ. ಮುಂದಿನವರ ಹೆಗಲು ಹಿಡಿದು ಸಾಲು ಸಾಗುತ್ತದೆ, “ಗೋವಿಂದಾ ಗೋವಿಂದಾ” ಎಂಬ ಕೂಗು ಬಂಡೆಗೆ ಬಡಿದು ದುಪ್ಪಟ್ಟಾಗಿ ಬರುತ್ತದೆ. ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಕೆಲವು ಅಳುತ್ತವೆ, ಕೆಲವು ಬಾವಲಿ ಎಣಿಸುತ್ತವೆ. ತುದಿಯಲ್ಲಿ ನರಸಿಂಹ, ಅವನ ಜೊತೆಗೆ ಲಿಂಗ. ಅಲ್ಲಿ ಒಂದು ಹೊತ್ತಿಗೆ ಕೆಲವೇ ಮಂದಿ ನಿಲ್ಲಬಹುದು, ಉಳಿದವರು ಎದೆಮಟ್ಟ ನೀರಲ್ಲಿ ಕಾಯಬೇಕು.

ನರಸಿಂಹನ ಗುಡಿಯಲ್ಲಿ ಲಿಂಗ ಯಾಕೆ, ನೀರು ಎಲ್ಲಿಂದ ಬಂತು ಎಂದು ಕೇಳಿದರೆ ಸ್ಥಳದ ಕಥೆ ಹೇಳುತ್ತಾರೆ. ಹಿರಣ್ಯಕಶಿಪುವನ್ನು ಕೊಂದಮೇಲೂ ಆರದ ಸಿಟ್ಟಿನಲ್ಲಿ ನರಸಿಂಹ ಈ ಕಡೆ ಬಂದ. ಗವಿಯಲ್ಲಿ ಝರಾಸುರನಿದ್ದ, ಜಲಾಸುರ ಎಂದೂ ಅನ್ನುತ್ತಾರೆ. ಶಿವಭಕ್ತ. ಯುದ್ಧವಾಯಿತು, ಅಸುರ ಬಿದ್ದ. ಕೊನೆಯ ಉಸಿರಿನಲ್ಲಿ, ನೀನು ಇಲ್ಲೇ ಇರು, ಬಂದವರಿಗೆ ವರ ಕೊಡು ಎಂದು ಬೇಡಿಕೊಂಡ. ನರಸಿಂಹ ಒಪ್ಪಿದ. ಅಸುರ ನೀರಾಗಿ ಅವನ ಕಾಲಡಿ ಹರಿದ. ಇಂದಿಗೂ ಬೀದರಿನ ಜನ ದೇವರನ್ನು ಮುಟ್ಟುವ ಮುಂಚೆ ಆ ಅಸುರನ ಒಳಗೆ ಎದೆಮಟ್ಟ ಮುಳುಗಿ ನಡೆಯುತ್ತಾರೆ.

ಯಾವ ಸ್ಟುಡಿಯೋದ ಬರಹಗಾರನೂ ಇದಕ್ಕಿಂತ ಒಳ್ಳೆಯ ತಿರುವು ಬರೆಯಲಾರ. ಸೋತವನಿಗೆ ಮರ್ಯಾದೆಯಿದೆ, ಬೇಡಿಕೆಯಿದೆ, ಆ ಬೇಡಿಕೆಯಲ್ಲಿ ತನ್ನ ಸ್ವಾರ್ಥಕ್ಕಿಂತ ಊರಿನ ಹಿತವಿದೆ. ಹೆಗಲ ಮೇಲಿನ ಕೂಸಿಗೆ ಕಾಣುವುದು ಕತ್ತಲೆ, ಬಾವಲಿ, ತುದಿಯ ಸಿಂಹದ ಮುಖ. ಕೆಳಗೆ ನೀರಲ್ಲಿ ನಡೆಯುತ್ತಿರುವ ಅಪ್ಪನಿಗೆ ತಾನು ಯಾರನ್ನು ದಾಟುತ್ತಿದ್ದೇನೆ ಎಂಬುದೂ ಗೊತ್ತಿರುತ್ತದೆ.

ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಕಡೆಗೆ ಬಂದರೂ ಇದೇ ಮಾತು. ಭಂಡಾರ ಎರಚಿ ಏಳುಕೋಟಿ ಕೂಗುವ ಭಕ್ತರಲ್ಲಿ ಕನ್ನಡದವರೂ ಇದ್ದಾರೆ, ಖಂಡೋಬಾ ಎಂದು ಕರೆಯುವ ಮರಾಠಿಯವರೂ ಇದ್ದಾರೆ, ತೆಲುಗರೂ ಬರುತ್ತಾರೆ. ಮಣಿ, ಮಲ್ಲ ಎಂಬ ಅಣ್ಣತಮ್ಮಂದಿರನ್ನು ಕೊಂದ ದೇವರು. ಆದರೆ ಸಾಯುವಾಗ ಮಣಿ ಕ್ಷಮೆ ಕೇಳಿದ, ತನ್ನ ಬಿಳಿ ಕುದುರೆ ಒಪ್ಪಿಸಿದ, ದೇವರ ಗುಡಿಯಲ್ಲಿ ತನಗೂ ಜಾಗ ಬೇಡಿ ಪಡೆದ ಎಂದು ಕಥೆ. ಮಲ್ಲ ಸೊಕ್ಕು ಬಿಡಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರ ಸಾವನ್ನೂ ಬೇರೆಬೇರೆ ಮಾಡಿ ಹೇಳುವ ಕಥೆ ಮಕ್ಕಳಿಗೆಂದು ಹುಟ್ಟಿದ್ದಲ್ಲ. ಆಸ್ತಿ ಪಾಲಾಗುವಾಗ ಅಣ್ಣತಮ್ಮಂದಿರನ್ನು ನೋಡಿದವರು ಕಟ್ಟಿದ ಕಥೆ ಇರಬೇಕು.

ಈಗ 2025ರ ಜುಲೈ 25ಕ್ಕೆ ಬರೋಣ. ಅಮಾವಾಸ್ಯೆಯ ಮರುದಿನ, ಶ್ರಾವಣದ ಮೊದಲ ದಿನ. ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ್ ನರಸಿಂಹ’ ಬಿಡುಗಡೆಯಾಯಿತು. ಕ್ಲೀಮ್ ಪ್ರೊಡಕ್ಷನ್ಸ್ ನಿರ್ಮಿಸಿ, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಕನ್ನಡವೂ ಸೇರಿ ಐದು ಭಾಷೆಗಳ ಅನಿಮೇಷನ್ ಚಿತ್ರ. ದೊಡ್ಡ ನಟರಿಲ್ಲ, ಪ್ರಚಾರದ ಅಬ್ಬರವಿಲ್ಲ. ಮೊದಲ ದಿನ ಗಳಿಸಿದ್ದು ಕಡಿಮೆ, ದಿನ ಕಳೆದಂತೆ ಬಾಯಿಂದ ಬಾಯಿಗೆ ಹಬ್ಬಿ ಕೊನೆಗೆ 300 ಕೋಟಿ ರೂಪಾಯಿ ದಾಟಿತು. ಮಕ್ಕಳನ್ನು ಕರೆತಂದ ದೊಡ್ಡವರಿದ್ದರು, ಮಕ್ಕಳೇ ಇಲ್ಲದೆ ಬಂದ ದೊಡ್ಡವರೂ ಇದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದವರ ಸುದ್ದಿ ಕೆಲವೆಡೆಯಿಂದ ಬಂತು.

ಭಕ್ತಿಯಿಂದ ಹೋದರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಒಳಗೆ ಹೋದವರಿಗೆ ಸಿಕ್ಕಿದ್ದು ಏನು ಎಂಬುದು ಬೇರೆ ಮಾತು. ಆ ಚಿತ್ರದಲ್ಲಿ ಸಿಂಹ ಕಂಬದಿಂದ ಹೊರಬರುವುದು ಕೊನೆಯಲ್ಲಿ. ಅದಕ್ಕೂ ಮುಂಚೆ ತಮ್ಮ ಹಿರಣ್ಯಾಕ್ಷ ವರಾಹನ ಕೈಯಲ್ಲಿ ಸತ್ತದ್ದು, ಆ ದುಃಖ ಸಿಟ್ಟಾಗಿ, ಸಿಟ್ಟು ತಪಸ್ಸಾಗಿ, ತಪಸ್ಸು ಸೊಕ್ಕಾಗಿ ಬೆಳೆದದ್ದು ಇದೆ. ಆಮೇಲೆ ಮಗ. ಹೇಳಿದ್ದು ಕೇಳದ ಮಗ. ತನ್ನ ವೈರಿಯ ಹೆಸರನ್ನೇ ಜಪಿಸುವ ಐದು ವರ್ಷದ ಪೋರ. ಪ್ರಹ್ಲಾದನನ್ನು ಮಕ್ಕಳು ತಮ್ಮವನೆಂದು ನೋಡುತ್ತಾರೆ. ಪಿಯುಸಿ ಓದುವ ಮಗನ ಮೇಲೆ ಮೊನ್ನೆಯಷ್ಟೇ ಕೈ ಎತ್ತಿದ ಅಪ್ಪ ಹಿರಣ್ಯಕಶಿಪುವನ್ನು ನೋಡುವ ಬಗೆ ಬೇರೆ. ಗಂಡ ಮಗನ ನಡುವೆ ನಿಂತ ಕಯಾದುವನ್ನು ತಾಯಂದಿರು ನೋಡುವ ಬಗೆ ಇನ್ನೂ ಬೇರೆ. ಹಾಗೆಂದು ಚಿತ್ರ ಎಲ್ಲರಿಗೂ ಸರಿಹೊಂದಿತೆಂದಲ್ಲ. ಕೊನೆಯ ಭಾಗದ ರಕ್ತ, ಆರ್ಭಟ ಸಣ್ಣ ಮಕ್ಕಳಿಗೆ ಹೆಚ್ಚೇ ಆಯಿತು ಎಂದು ನನ್ನ ಅಭಿಪ್ರಾಯ. ಈ ಕಾರ್ಟೂನು ಮಕ್ಕಳಿಗೆ ಸರಿಯೇ ಎಂದು ದೊಡ್ಡವರು ಕೇಳಿಕೊಳ್ಳಬೇಕಾದ ಕಾಲವೂ ಬಂತು!

ಕನ್ನಡಿಗರಿಗೆ ಇದು ಹೊಸದಲ್ಲ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಪ್ರಹ್ಲಾದನಾಗಿದ್ದವನು ಮಾಸ್ಟರ್ ಲೋಹಿತ್, ಮುಂದೆ ಪುನೀತ್ ಆದವನು. ಅವನ ಎದುರು ಹಿರಣ್ಯಕಶಿಪು ರಾಜಕುಮಾರ್, ಅವನ ನಿಜವಾದ ಅಪ್ಪ. ಆ ಚಿತ್ರ ಟಿವಿಯಲ್ಲಿ ಬಂದರೆ, 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡ ನಂತರ, ಅದನ್ನು ಮೊದಲಿನಂತೆ ನೋಡಲು ಯಾರಿಗೂ ಆಗುವುದಿಲ್ಲ. ಅಂದರೂ ಅದನ್ನು ಅಂದಿನಿಂದ ಇಂದಿನವರೆಗೆ ಹೊತ್ತು ತಂದದ್ದು ಹಿರಣ್ಯಕಶಿಪುವಿನ ಹೆಜ್ಜೆ, ಅವನ ಗದೆ, ಆ ಮಾತಿನ ಏರಿಳಿತ. ನಾಡಿಗೆ ಅಣ್ಣಾವ್ರಾದ ನಟನೇ 1958ರ ‘ಭೂಕೈಲಾಸ’ದಲ್ಲಿ ರಾವಣ, ಮರುವರ್ಷ ಮಹಿಷಾಸುರ. ಬಯಲಾಟದ ಊರುಗಳಲ್ಲಿ ಕೇಳಿ ನೋಡಿ, ರಾಕ್ಷಸನ ಪಾರ್ಟಿಗೆ ಒಳ್ಳೆ ದನಿಯಿದ್ದವನನ್ನೇ ಹುಡುಕುತ್ತಾರೆ. ದೂರದರ್ಶನದ ರಾಮಾಯಣ ಮುಗಿದ ಮೂರು ವರ್ಷಕ್ಕೆ, 1991ರಲ್ಲಿ, ರಾವಣನಾಗಿದ್ದ ಅರವಿಂದ ತ್ರಿವೇದಿಯವರನ್ನು ಗುಜರಾತಿನ ಸಾಬರಕಾಂಠಾದ ಮತದಾರರು ಲೋಕಸಭೆಗೆ ಕಳಿಸಿದರು. ರಾಮನಾಗಿದ್ದ ಅರುಣ್ ಗೋವಿಲ್ ಆ ಮನೆಗೆ ಹೋಗಲು 2024ರವರೆಗೆ ಕಾಯಬೇಕಾಯಿತು. ಮತ ಹಾಕಿದವರು ಮಕ್ಕಳಲ್ಲ.

ಭಕ್ತಿಯ ಸೋಂಕೇ ಇಲ್ಲದ ಕಡೆಯೂ ಹೀಗೆಯೇ ಆಗಿದೆ. 1992ರಲ್ಲಿ ಅಮೆರಿಕದಲ್ಲಿ ಬ್ಯಾಟ್‌ಮನ್‌ನ ಕಾರ್ಟೂನ್ ಸರಣಿ ಬಂತು, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಹಾಕಲೆಂದು ಮಾಡಿದ್ದು. ಅದರ ಹಿನ್ನೆಲೆಯ ಊರನ್ನು ಕಪ್ಪು ಕಾಗದದ ಮೇಲೆ ತಿಳಿ ಬಣ್ಣದಿಂದ ಬರೆದರು, ಹಾಗಾಗಿ ಕತ್ತಲೆ ಎಲ್ಲೂ ಬಳಿದದ್ದಲ್ಲ, ಮೊದಲೇ ಇದ್ದದ್ದು. ಆ ಸರಣಿಯಲ್ಲಿ ಮಿಸ್ಟರ್ ಫ್ರೀಜ್ ಎಂಬ ಖಳನಿದ್ದಾನೆ. ಹಳೆಯ ಕಾಮಿಕ್ಸ್‌ಗಳಲ್ಲಿ ಮಂಜು ಉಗುಳುವ ಬಂದೂಕು ಹಿಡಿದು ಓಡಾಡುತ್ತಿದ್ದ ಕೋಡಂಗಿ. ಪಾಲ್ ಡಿನಿ ಎಂಬ ಬರಹಗಾರ ಅವನಿಗೊಬ್ಬಳು ಹೆಂಡತಿಯನ್ನು ಕೊಟ್ಟ. ಮದ್ದಿಲ್ಲದ ಜಡ್ಡು ಹಿಡಿದವಳು, ಮದ್ದು ಸಿಗುವವರೆಗೆ ಕೆಡದಿರಲಿ ಎಂದು ಗಂಡ ಹಿಮದಲ್ಲಿಟ್ಟು ಕಾಯುತ್ತಿದ್ದವಳು. ಕಂಪನಿಯ ಯಜಮಾನ ಖರ್ಚಿನ ಲೆಕ್ಕ ಹೇಳಿ ಯಂತ್ರ ನಿಲ್ಲಿಸಿದ. ಇಪ್ಪತ್ತೆರಡು ನಿಮಿಷದ ಆ ಕಂತು ಬರವಣಿಗೆಗೆ ಎಮ್ಮಿ ಪ್ರಶಸ್ತಿ ಪಡೆಯಿತು. ಅಂದು ನೋಡಿದ ಮಕ್ಕಳು ಇಂದು ನಲವತ್ತು ದಾಟಿದರೂ ಅದರ ಮಾತಾಡುತ್ತಾರೆ. ಕ್ಯಾನ್ಸರ್ ವಾರ್ಡಿನ ಹೊರಗೆ ಬಿಲ್ಲು ಹಿಡಿದು ನಿಂತ ಯಾರಿಗೂ ಆ ಕಥೆಗೆ ವಿವರಣೆ ಬೇಕಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಅಕ್ಬರ್ ಇದ್ದಾನೆ. ಇಪ್ಪತ್ತರ ಆಜುಬಾಜಿನಲ್ಲಿ ಅವನು ಶುರುಮಾಡಿಸಿದ ‘ಹಮ್ಜಾನಾಮಾ’ಕ್ಕೆ ಬಟ್ಟೆಯ ಮೇಲೆ ಸುಮಾರು 1400 ದೊಡ್ಡ ಚಿತ್ರಗಳು ಸಿದ್ಧವಾದವು. ಹದಿನೈದು ವರ್ಷದ ಕೆಲಸ. ಅಮೀರ್ ಹಮ್ಜಾ ದೈತ್ಯರನ್ನು, ಮಾಯಗಾರರನ್ನು ಬಡಿಯುವ ಸಾಹಸ. ಚಿತ್ರ ಎತ್ತಿ ಹಿಡಿಯುತ್ತಿದ್ದರು, ಕಥೆಗಾರ ಹೇಳುತ್ತಿದ್ದ, ಬಾದಶಹ ಕೇಳುತ್ತಿದ್ದ. ಅದೇ ದಾಸ್ತಾನು ಉರ್ದುವಿಗೆ ಬಂದು ದಖ್ಖನಿನ ಮನೆಗಳಿಗೂ ಹೊಕ್ಕಿತು. ಅದರಲ್ಲಿ ಕೇಳುಗರು ಹಚ್ಚಿಕೊಂಡದ್ದು ಹಮ್ಜಾನನ್ನಲ್ಲ, ಏನು ಹಾಕಿದರೂ ಹಿಡಿಯುವ ಜಂಬೀಲು ಚೀಲ ಹೊತ್ತ ಅವನ ಗೆಳೆಯ, ಠಕ್ಕ ಅಮರ್ ಅಯ್ಯಾರ್‌ನನ್ನು.

ಛೋಟಾ ಭೀಮ್‌ನ ಬಗ್ಗೆ ನನಗೆ ಸಿಟ್ಟೇನಿಲ್ಲ. ನಮ್ಮ ಹಳೆಯ ರಾಜಧಾನಿಯ ಹುಡುಗ ಅವನು. 1956ರ ನವೆಂಬರ್ 1ರವರೆಗೆ ಬೀದರ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದು, ರಾಜೀವ್ ಚಿಲಕ 2001ರಲ್ಲಿ ಗ್ರೀನ್ ಗೋಲ್ಡ್ ಕಂಪನಿ ತೆರೆದದ್ದು ಅದೇ ಹೈದರಾಬಾದಿನಲ್ಲಿ. 2008ರಿಂದ ಢೋಲಕಪುರದ ಆ ಹುಡುಗ ಪೋಗೋ ವಾಹಿನಿಯಲ್ಲಿ ದುಷ್ಟರನ್ನು ಬಡಿಯುತ್ತಲೇ ಇದ್ದಾನೆ. ಚಿತ್ರ ಚೊಕ್ಕ, ಸ್ನೇಹ ಇದೆ, ನಗು ಇದೆ. ಆದರೆ ಅವನ ಎದುರಾಳಿ ಕಾಲಿಯಾ ಯಾಕೆ ಹೊಟ್ಟೆಕಿಚ್ಚಿನವ, ಅವನ ಮನೆಯಲ್ಲಿ ಏನಾಗುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಬಂದ, ಬಡಿಸಿಕೊಂಡ, ಹೋದ. ಆರು ವರ್ಷದವನಿಗೆ ಇಷ್ಟೇ ಸಾಕು, ಸಾಕಾಗಬೇಕಾದದ್ದೇ. ಆಯಿ ತೊಗರಿಯಿಂದ ಕಣ್ಣೆತ್ತದಿರುವುದೂ ಇದಕ್ಕೇ.

ಭಾಷೆಯ ಅಡ್ಡಿಯಿಂದ ನಮ್ಮ ಹಿರಿಯರು ಕಾರ್ಟೂನ್ ನೋಡುವುದಿಲ್ಲ ಎಂಬ ಮಾತೂ ಇದೆ. ಬೆಂಗಳೂರು ಕಡೆ ಇರಬಹುದು, ಇಲ್ಲಿಗೆ ಅದು ಹೊಂದದು. ಔರಾದ ತಾಲ್ಲೂಕಿನ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಅಲ್ಲಿಯ ಮುತ್ಯಾಗಳಿಗೆ ನಾಲ್ಕು ಭಾಷೆ ನಾಲಿಗೆ ಮೇಲೆ ಇರುತ್ತವೆ. ನಿಜಾಮನ ಕಾಲದಲ್ಲಿ ಶಾಲೆಗೆ ಹೋದವರು ಓದಿದ್ದೇ ಉರ್ದುವಿನಲ್ಲಿ. ಅದೇ ನೆಲದ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಮಠದ ಹಿರಿಯರಾದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಶಾಲೆಯ ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಇಂಥ ಊರಿನವರಿಗೆ ಹಿಂದಿ ಕಾರ್ಟೂನ್ ಅರ್ಥವಾಗದೆ ಇರುವುದಿಲ್ಲ. ಅರ್ಥವಾಗಿಯೇ ಬೇಡವೆಂದು ಬಿಟ್ಟಿದ್ದಾರೆ. ನಷ್ಟ ಆಗಿರುವುದು ಮೊಮ್ಮಕ್ಕಳಿಗೆ. ಔರಾದದ ಹುಡುಗರು ಜಗಳಕ್ಕಿಳಿದರೆ ಬೈಗುಳ ಕನ್ನಡದ್ದು, ಮೈಮೇಲೆ ಏರಿಬರುವಾಗಿನ ಆರ್ಭಟ ಮಾತ್ರ ಕಾರ್ಟೂನ್ ಹಿಂದಿಯದು. ಇದಕ್ಕಾದರೂ ಕನ್ನಡದಲ್ಲಿ ಒಳ್ಳೆಯ ಸರಣಿಗಳು ಹೆಚ್ಚು ಬರಬೇಕು. ಝರಾಸುರನ ಕಥೆ ಹೇಳುವ ಅರ್ಧ ಗಂಟೆಯ ಅನಿಮೇಷನ್ ಯಾಕೆ ಆಗಬಾರದು? ಶಿವಭಕ್ತ ಅಸುರ, ಸಿಟ್ಟು ಆರದ ದೇವರು, ಬೀದರಿನ ಗವಿ, ಇನ್ನೇನು ಬೇಕು?

ಔರಾದದ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ದನಗಳ ಸಾಲು ದಾಟಿ ಆಟಿಕೆ ಅಂಗಡಿಗಳ ಕಡೆ ಬಂದರೆ ದಾರಕ್ಕೆ ಮುಖವಾಡಗಳನ್ನು ಪೋಣಿಸಿ ತೂಗುಬಿಟ್ಟಿರುತ್ತಾರೆ. ಹನುಮಂತ, ಸ್ಪೈಡರ್‌ಮ್ಯಾನ್, ಛೋಟಾ ಭೀಮ್. ರಾವಣನ ಮುಖವಾಡ ಕೇಳುವ ಮಗು ಅಪರೂಪ, ಅದನ್ನು ತಂದಿಡುವ ಅಂಗಡಿಯವನೂ ಅಪರೂಪ. ಮುಖವಾಡ ಕೊಳ್ಳುವವರು ಮಕ್ಕಳು, ಅವರಿಗೆ ಗೆಲ್ಲುವವನ ಮುಖ ಬೇಕು. ಅದರಲ್ಲಿ ತಪ್ಪೇನಿದೆ? ಸೋತವನ ಮುಖ ಹಾಕಿಕೊಳ್ಳಲು ಮಕ್ಕಳಿಗೆ ಇನ್ನೂ ಹೊತ್ತಿದೆ.

ನರಸಿಂಹನ ನಂತರ ಇದೇ ಮಹಾವತಾರ್ ಸರಣಿಯಲ್ಲಿ ಪರಶುರಾಮನ ಚಿತ್ರವನ್ನು 2027ಕ್ಕೆ ತರುವುದಾಗಿ ನಿರ್ಮಾಪಕರು ಹೇಳಿದ್ದಾರೆ. ಅವರ ಯೋಜನೆ 2037ರ ಕಲ್ಕಿಯವರೆಗೂ ಚಾಚಿದೆ. ಕೊಡಲಿ ಹಿಡಿದ ಪರಶುರಾಮ ಮಕ್ಕಳಿಗೆ ಹಿಡಿಸುತ್ತಾನೆ, ಅನುಮಾನವಿಲ್ಲ. ಆದರೆ ಉತ್ತರ ಕರ್ನಾಟಕದಲ್ಲಿ ಆ ಕಥೆ ಪರಶುರಾಮನದಲ್ಲ, ಅಪ್ಪನ ಮಾತಿಗೆ ಮಗನ ಕೈಯಿಂದ ತಲೆ ಕಡಿಸಿಕೊಂಡ ರೇಣುಕೆಯದು. ಸವದತ್ತಿಗೆ ಹುಣ್ಣಿಮೆಗೆ ಹೋಗುವ ಹೆಂಗಸರು ಎಲ್ಲಮ್ಮನನ್ನು ನೋಡಲು ಹೋಗುತ್ತಾರೆ, ಕೊಡಲಿಯನ್ನು ನೋಡಲು ಅಲ್ಲ. ಜಮದಗ್ನಿಯ ಸಿಟ್ಟು, ರೇಣುಕೆಯ ಒಂದು ಗಳಿಗೆಯ ಮೈಮರೆವು, ನಡುವೆ ಸಿಕ್ಕ ಮಗ, ಇವಕ್ಕೆ ಚಿತ್ರ ಮಾಡುವವರು ಎಷ್ಟು ಜಾಗ ಕೊಡುತ್ತಾರೋ ನೋಡಬೇಕು. ಎರಡು ನಿಮಿಷದಲ್ಲಿ ಅದನ್ನು ಮುಗಿಸಿ ಕ್ಷತ್ರಿಯರ ಕುತ್ತಿಗೆಗಳ ಕಡೆಗೆ ಓಡಿದರೆ ಆ ಚಿತ್ರ ಮಕ್ಕಳದಾಗಿಯೇ ಉಳಿಯುತ್ತದೆ, ಟಿವಿಗೆ ಬಂದ ದಿನ ಭಾಲ್ಕಿಯ ಆಯಿ ತೊಗರಿಯಿಂದ ತಲೆ ಎತ್ತುವುದಿಲ್ಲ.